‘ಹೋಗ್ತೆ’ ಅನ್ನಬಾರದ ಆಟ

ನಾಗೇಶನ ಬದುಕಿನ ಬಲು ದೊಡ್ಡ ದಿನವನ್ನು ಹಳ್ಳ ಹಿಡಿಸಲು ಹೊರಟದ್ದು ಹೆಬ್ಬೆರಳ ಉಗುರಿನಷ್ಟು ಅಗಲದ ಒಂದು ಬಟನ್ನು. ಅಂಗಿಯ ಬಟನ್ನಲ್ಲ. ಮೊಬೈಲಿನ ಪರದೆಯ ಮೇಲೆ ಅವನೇ ಕೂತು ಬರೆದು, ಹಸಿರು ಬಳಿದು, ಮೂಲೆಗಳನ್ನು ದುಂಡಗೆ ತಿದ್ದಿ ಕೂರಿಸಿದ್ದ ಬಟನ್ನು. ಅದರ ಮೇಲೆ ‘ಹೋಗ್ತೆ’ ಎಂದು ಬರೆದಿತ್ತು.

“ನಾ ಇದ್ನ ಒತ್ತೂದಿಲ್ಲ,” ಎಂದಳು ದಮಯಂತಕ್ಕ.

ಮಂಜಗುಣಿಯಲ್ಲಿ ಬೆಳಗಿನ ಎಂಟು ಗಂಟೆ. ಪಕ್ಕದ ಮನೆಯ ದಮಯಂತಕ್ಕ ತನ್ನ ಜಗಲಿಯಲ್ಲಿ ಕಾಲು ನೀಡಿ, ತನ್ನ ಹೊಸ ಮೊಬೈಲನ್ನು ಎಳೆಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾಗೇಶ ಎದುರಿಗೆ ಕುಕ್ಕರಗಾಲಲ್ಲಿ ಕೂತು ಗೋಡೆ ಗಡಿಯಾರ ನೋಡುತ್ತಿದ್ದ.

“ಎಂತಕ್ಕೆ ಅಕ್ಕಾ? ಆಟ ಸಾಕಾದ್ರೆ ಅದ್ನ ಒತ್ತೂದು. ಆಟ ಬಂದ್ ಆಗ್ತದೆ. ಮತ್ತೆ ಫೋನು ನಂಗೆ ಕೊಡೂದು. ಅಷ್ಟೇಯ.”

“ಅಲ್ವೋ ತಮಾ, ಮಗಳ ಮದ್ವೆ ಕರೆಯೋಲೆ ಹಿಡ್ಕಂಡು ಮನೆ ಮನೆ ತಿರಗೂ ಹೆಂಗ್ಸು, ಚಾ ಕುಡ್ದು ಎದ್ದು ‘ಹೋಗ್ತೆ’ ಅಂತಾಳ್ಯಾ? ಮದ್ವೆ ಮನೆಗೆ ಒಳ್ಳೇದಾಗ್ತದ್ಯಾ ಅದು? ನಿಮ್ಮವ್ವಿ ನಿಂಗೆ ಎಂತದೂ ಕಲಸ್ಲೇ ಇಲ್ವಾ?”

ನಮ್ಮ ಕಡೆ ಹೊರಡುವಾಗ ‘ಹೋಗ್ತೆ’ ಅನ್ನುವವರು ಜಗಳವಾಡಿ ಎದ್ದವರು, ಇಲ್ಲವೇ ಮತ್ತೆ ಈ ಬಾಗಿಲಿಗೆ ಬರುವ ಮನಸ್ಸಿಲ್ಲದವರು. ಉಳಿದವರೆಲ್ಲ ‘ಬತ್ತೆ’ ಅನ್ನುತ್ತಾರೆ, ಹಾಗಂದು ಹೋಗುತ್ತಾರೆ. ಇದು ನಾಗೇಶನಿಗೆ ಗೊತ್ತಿಲ್ಲದ್ದೇನಲ್ಲ. ಮೊದಲು ಆ ಬಟನ್ನಿನ ಮೇಲೆ ‘ನಿರ್ಗಮನ’ ಎಂದು ಬರೆದಿದ್ದ. ರೈಲ್ವೆ ಸ್ಟೇಷನ್ನಿನ ಬೋರ್ಡಿನ ಹಾಗೆ ಕಾಣುತ್ತದೆಂದು ಅದನ್ನು ಅಳಿಸಿ, ಮನೆಮಾತಿರಲಿ ಎಂದು ‘ಹೋಗ್ತೆ’ ಮಾಡಿದ್ದ. ಮನೆಮಾತು ಬಂತು, ಮನೆಯ ರೀತಿ ಬಿಟ್ಟುಹೋಯಿತು.

“ಸರಿ, ನೀವು ಒತ್ತೂದು ಬ್ಯಾಡ, ನಾ ಒತ್ತತೆ,” ಎಂದು ಕೈ ಮುಂದೆ ಮಾಡಿದ. ದಮಯಂತಕ್ಕ ಆ ಕೈಗೆ ಪಟ್ಟನೆ ಒಂದು ಕೊಟ್ಟಳು.

“ನನ್ ಫೋನಿನಾಗೆ, ನನ್ ಜಗಲಿ ಮೇಲೆ, ಬೆಳಗಾ ಮುಂಚೆ ‘ಹೋಗ್ತೆ’ ಅನ್ಸೂಕೆ ನಾ ಬಿಡೂದಿಲ್ಲ.”

ನಾಗೇಶ ಯಾರು, ಅವನಿಗೆ ದಮಯಂತಕ್ಕನ ಮೊಬೈಲೇ ಯಾಕೆ ಬೇಕು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ನಾಗೇಶ ಅಂಕೋಲೆ ಬಸ್‌ಸ್ಟ್ಯಾಂಡಿನ ಎದುರು ಹದಿನಾಲ್ಕು ವರ್ಷ ಮೊಬೈಲ್ ರಿಪೇರಿ ಮಾಡಿದವನು. ರಿಪೇರಿ ಸರಿಯಾಯಿತೋ ಇಲ್ಲವೋ ನೋಡಲು ಜನರ ಮೊಬೈಲಿನಲ್ಲಿದ್ದ ಆಟಗಳನ್ನೆಲ್ಲ ಆಡಿ ಆಡಿ, ಕೆಲವು ಆಟ ಬಿಡಲು ಮನಸ್ಸೇ ಬಾರದ್ದು ಯಾಕೆ, ಕೆಲವು ಎರಡೇ ನಿಮಿಷಕ್ಕೆ ಆಕಳಿಕೆ ತರಿಸುವುದು ಯಾಕೆ ಎಂದು ತಲೆ ಕೆಡಿಸಿಕೊಂಡವನು. ಕಡೆಗೊಂದು ಗುಟ್ಟು ಹೊಳೆದಿತ್ತು. ದೊಡ್ಡ ರಾಕ್ಷಸ, ದೊಡ್ಡ ಬಂದೂಕು ಯಾವುದೂ ಮುಖ್ಯವಲ್ಲ. ಕಾಲಿಟ್ಟದ್ದು ಮರಳಾದರೆ ಮರಳಿನ ಸದ್ದು ಬರಬೇಕು, ಹಲಗೆಯಾದರೆ ಹಲಗೆಯದು. ನಾಯಿ ಎದುರಾದರೆ ಅದರ ತಲೆ ಸವರಲು ಬರಬೇಕು. ಯಾರೂ ಕೇಳದ, ಇಲ್ಲದಿದ್ದರೆ ಯಾರಿಗೂ ಗೊತ್ತಾಗದ ಇಂಥ ಸಣ್ಣ ಸಣ್ಣ ಸಂಗತಿಗಳಲ್ಲೇ ಆಟದ ಜೀವ ಇರುವುದು.

ಇಷ್ಟು ಹೊಳೆದದ್ದೇ ತಡ, ಅಂಗಡಿಯ ಬಾಗಿಲು ಹಾಕಿ, ಮನೆಯಲ್ಲಿ ಕೂತು ವೀಡಿಯೊ ನೋಡಿ ನೋಡಿ ಕಲಿತು ತಾನೇ ಒಂದು ಆಟ, ಮದುವೆಯ ಕರೆಯೋಲೆ ಹಂಚುವ ಹೆಂಗಸಿನ ಆಟ, ಕಟ್ಟತೊಡಗಿದ. ಹೆಂಡತಿ ನಂದಿನಿ ಅಂಗನವಾಡಿ ಟೀಚರು. ಇಪ್ಪತ್ತೆಂಟು ಮಕ್ಕಳನ್ನು ಸಂಭಾಳಿಸುವವಳಿಗೆ ಇಪ್ಪತ್ತೊಂಬತ್ತನೆಯದು ಭಾರವಾಗಲಿಲ್ಲ. “ಯುಗಾದಿಯಿಂದ ಯುಗಾದಿಗೆ ಒಂದು ವರ್ಷ ಕೊಡ್ತೆ,” ಎಂದಳು. “ಆಮೇಲೆ ಅಣ್ಣನ ಐಸ್ ಫ್ಯಾಕ್ಟರಿ.”

ಈ ಐಸ್ ಫ್ಯಾಕ್ಟರಿ ಎಂಬುದು ನಾಗೇಶನ ನೆತ್ತಿಯ ಮೇಲೆ ತೂಗುತ್ತಿದ್ದ ತೆಂಗಿನಕಾಯಿ. ನಂದಿನಿಯ ಅಣ್ಣ ಅಶೋಕ ಅಂಕೋಲೆಯಲ್ಲಿ ಮೀನಿನ ಲಾರಿಗಳಿಗೆ ಐಸು ಮಾಡಿ ಕೊಡುತ್ತಿದ್ದ. ಅಲ್ಲಿ ಸೂಪರ್‌ವೈಸರ್ ಕುರ್ಚಿ ಖಾಲಿ ಇತ್ತು. ನಾಗೇಶನಿಗೆ ಐಸಿನ ಭಯವಿರಲಿಲ್ಲ, ಅಶೋಕ ಭಾವನ ಭಯ. ಭಾವ ‘ನಾ ಹೇಳ್ತೆ ಕೇಳು’ ಎಂದು ಶುರುಮಾಡಿದರೆ ಕೇಳುವವನ ಕಿವಿ ಮೊದಲು ಮರಗಟ್ಟುತ್ತಿತ್ತು. ದಿನಾ ಎಂಟು ತಾಸು ಆ ದನಿಯ ಕೆಳಗೆ ಕೂರುವುದಕ್ಕಿಂತ ಐಸಿನ ಗಡ್ಡೆಯೊಳಗೆ ಬಂಗಡೆಯಾಗಿ ಮಲಗುವುದು ಮೇಲು ಎಂದು ನಾಗೇಶ ಒಬ್ಬನೇ ಇದ್ದಾಗ ಅಂದುಕೊಳ್ಳುತ್ತಿದ್ದ.

ಯುಗಾದಿ ಕಳೆದು ಹದಿನೈದು ದಿನ ಆಗಿತ್ತು. ನಂದಿನಿ ಕೊಟ್ಟ ಹೆಚ್ಚಿನ ಗಡುವೂ ಇವತ್ತಿಗೇ ಮುಗಿಯುತ್ತಿತ್ತು. ಇವತ್ತೇ ಮಧ್ಯಾಹ್ನ ಎರಡು ಗಂಟೆಗೆ ಕಾರವಾರದ ಹತ್ತಿರ ಕದ್ವಾಡದಲ್ಲಿ ವೈಜಯಂತಿ ಮೇಡಂ ಅವನ ಆಟ ನೋಡಲು ಒಪ್ಪಿದ್ದರು. ಮೇಡಂ ಪುಣೆಯ ಆಟದ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯವರು. ಕದ್ವಾಡದ ಸೋದರಮಾವನ ಮನೆಗೆ ನಾಲ್ಕು ದಿನಕ್ಕೆಂದು ಬಂದವರು ನಾಲ್ಕೂವರೆಯ ಗಾಡಿಗೆ ವಾಪಸು ಹೊರಡುವವರಿದ್ದರು. ಅವರು ಹ್ಞೂಂ ಅಂದರೆ ನಾಗೇಶ ಆಟ ಕಟ್ಟುವವನು. ಉಹ್ಞೂಂ ಅಂದರೆ ನಾಳೆ ಬೆಳಿಗ್ಗೆ ಆರಕ್ಕೆ ಭಾವನ ಫ್ಯಾಕ್ಟರಿ.

ನಾಗೇಶನ ಸ್ವಂತ ಮೊಬೈಲಿನ ಪರದೆ ಒಡೆದು ಅರ್ಧ ಭಾಗ ಬೆರಳಿಗೆ ಸ್ಪಂದಿಸುತ್ತಿರಲಿಲ್ಲ. ಊರಿನವರ ಮೊಬೈಲನ್ನೆಲ್ಲ ಸರಿಮಾಡಿದವನ ಮೊಬೈಲು ಹಾಗಿರುವುದು ಲೋಕರೂಢಿ. ಆದ್ದರಿಂದ ನಿನ್ನೆಯೇ ಆಟವನ್ನು ದಮಯಂತಕ್ಕನ ಹೊಸ ಮೊಬೈಲಿಗೆ ಹಾಕಿ, ಇವತ್ತೊಂದು ದಿನಕ್ಕೆ ಎರವಲು ಕೇಳಿದ್ದ. ಅವಳು ಬೆಳಿಗ್ಗೆ ಆರರಿಂದ ಅದನ್ನೇ ಆಡುತ್ತ ಕೂತಿದ್ದಳು. ಈಗ ಬಿಡಿಸುವುದು ಹೇಗೆ?

ಮನೆಗೆ ಓಡಿ ಲ್ಯಾಪ್‌ಟಾಪ್ ತಂದ. ಜಗಲಿಯ ಮೇಲೇ ಕೂತು ‘ಹೋಗ್ತೆ’ ಅಳಿಸಿ ‘ಬತ್ತೆ’ ಎಂದು ಬರೆದು ಮೊಬೈಲಿಗೆ ಹಾಕಿಕೊಟ್ಟ.

“ಹ್ಞಾ, ಈಗ ಮನಶ್ಯಾರ ಆಟ ಆಯ್ತು,” ಎಂದು ದಮಯಂತಕ್ಕ ಒತ್ತಿದಳು. ಆಟ ಫಟ್ಟನೆ ಮುಚ್ಚಿಕೊಂಡಿತು. ಅವಳ ಮುಖ ಕೆಂಪಾಯಿತು. “ಎಂತದಿದು! ‘ಬತ್ತೆ’ ಅಂದ ಕೂಡ್ಲೆ ಮುಖದ ಮೇಲೆ ಬಾಗ್ಲು ಹಾಕೂದ್ಯಾ? ಆ ಮನೆ ಹೆಂಗ್ಸು ಗೇಟಿನ ತಂಕ ಬಂದು ಒಂದು ಮಾತಾಡೂದು ಬ್ಯಾಡ್ವಾ? ಅಲ್ವೋ, ‘ಬತ್ತೆ’ ಅಂದ ಮೇಲೇ ಅಲ್ವಾ ಮಾತು ಶುರುವಾಗೂದು!”

ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಅವಳ ಗಂಡ ಪುಂಡಲೀಕಣ್ಣ ಬಾಯಿ ಮುಕ್ಕಳಿಸಿ ಹತ್ತಿರ ಬಂದ. ಬಸ್ ಕಂಡಕ್ಟರ್ ಆಗಿ ಮೂವತ್ತು ವರ್ಷ ಸೀಟಿ ಊದಿ ನಿವೃತ್ತನಾದವನು. “ನಾನೂ ನಿನ್ನೆ ಆಡ್ದೆ ನಾಗೇಶ. ನಿನ್ ಬಸ್ಸು ಸಮ ಇಲ್ಲ.”

“ಬಸ್ಸಿಗೆ ಎಂತಾಗದೆ ಪುಂಡಲೀಕಣ್ಣ?”

“ಸಂಜಿ ಬಸ್ಸಿಗೆ ಆ ಹೆಂಗ್ಸು ಓಡಿ ಬತ್ತದೆ. ಒಂದು ಹೆಜ್ಜೆ ತಡ ಆದ್ರೂ ನಿನ್ ಬಸ್ಸು ಬಿಟ್ಟು ಹೋಗ್ತದೆ. ಯಾವ ಕಂಡಕ್ಟರು ಹಂಗೆ ಮಾಡ್ತಾನೆ? ಕೈಯಲ್ಲಿ ಕರೆಯೋಲೆ ಕಟ್ಟು ಕಂಡ ಮೇಲೆ? ಸೀಟಿ ಹೊಡ್ದು ಬಸ್ಸು ಎದ್ದ ಮೇಲೂ ಐದು ಹೆಜ್ಜೆ ತಂಕ ನಾ ಬಾಗ್ಲು ಹಿಡ್ಕಂಡೇ ನಿಂತಿರ್ತಿದ್ದೆ. ಡ್ರೈವರಿಗೂ ಗೊತ್ತಿರ್ಲಿಲ್ಲ ಅದು. ಹತ್ತಿದವ್ರಿಗೂ ಗೊತ್ತಿರ್ಲಿಲ್ಲ. ‘ಅಬ್ಬಾ, ಹೆಂಗೆ ಓಡಿ ಹಿಡ್ದೆ ನೋಡು’ ಅಂತ ಖುಷಿ ಪಡ್ತಿದ್ರು.”

ನಾಗೇಶನ ಮೈ ಜುಮ್ಮೆಂದಿತು. ಆಡುವವನಿಗೆ ಗೊತ್ತಾಗದ ಹಾಗೆ ಒಂದಿಷ್ಟು ಕರುಣೆ! ತಪ್ಪಿಹೋಯಿತು ಅನ್ನುವಾಗ ಸಿಕ್ಕಿಬಿಡಬೇಕು, ಸಿಕ್ಕಿದ್ದು ತನ್ನದೇ ಚುರುಕಿನಿಂದ ಅನ್ನಿಸಬೇಕು. ಒಂದು ವರ್ಷ ತನಗೆ ಹೊಳೆಯದ್ದನ್ನು ಈ ಮನುಷ್ಯ ಹಲ್ಲುಜ್ಜುತ್ತ ಹೇಳಿಬಿಟ್ಟನಲ್ಲ! ಕೂತಲ್ಲೇ ಆಟದ ಬಸ್ಸಿಗೆ ಐದು ಹೆಜ್ಜೆಯ ಸಡಿಲು ಬಿಟ್ಟ. ಆಮೇಲೆ ದಮಯಂತಕ್ಕನ ಕಡೆ ತಿರುಗಿ, “ಅಕ್ಕಾ, ಗೇಟಿನ ಹತ್ರ ಎಂತ ಮಾತಾಡ್ತಾರೆ, ಸ್ವಲ್ಪ ಹೇಳಿ. ನಿಮ್ಮ ದನಿಯನ್ನೇ ಹಿಡ್ದು ಹಾಕ್ತೆ,” ಎಂದ.

ಅದು ಗಂಗಾವಳಿ ಹೊಳೆಯ ನೆರೆಗೆ ತೂಬು ತೆಗೆದ ಹಾಗಾಯಿತು.

“ಹ್ಞಾ, ನಿಲ್ಲೇ, ಒಂದು ಮಾತು ಕೇಳೂಕೆ ಮರ್ತೇ ಹೋಯ್ತು, ಹುಡ್ಗನ ಮನೆ ಎಲ್ಲಿ? … ಬಂದದ್ದು ಬಂದೆ, ನಾಕು ನುಗ್ಗೆಕಾಯಿ ಕೊಯ್ದು ಕೊಡ್ತೆ, ತಡಿ. … ನಿಮ್ಮತ್ತೆ ಮೊಣಕಾಲು ಹೆಂಗದೆ ಈಗ? … ನೀ ಮುಂಚಿಕಿಂತ ಸೊರಗಿದ್ಯೇ ತಂಗಿ…” ಎಂದು ಉಸಿರು ತೆಗೆಯದೆ ಮೂವತ್ತೆಂಟು ಮಾತು ಹೇಳಿದಳು. ಮೂರು ಮಾತಾದ ಮೇಲೆ ಆಟ ಮುಚ್ಚಬೇಕೆಂದು ನಾಗೇಶ ಮನಸ್ಸಿನಲ್ಲಿ ಗುರುತು ಹಾಕಿಕೊಂಡಿದ್ದ. ಆದರೆ ಅಷ್ಟರಲ್ಲಿ ಗಡಿಯಾರ ಹತ್ತು ಹೊಡೆಯಿತು. ಆ ಗಾಬರಿಯಲ್ಲಿ ಮಾತುಗಳೆಲ್ಲ ಆಟದ ಒಳಗೆ ಹೋದವು, ‘ಮೂರು’ ಎಂಬುದು ಮಾತ್ರ ಹೊರಗೇ ಉಳಿಯಿತು.

“ಫೋನು ಕೊಡಿ ಅಕ್ಕಾ, ಬತ್ತೆ.”

“ಫೋನು ಹೋಪಲ್ಲಿ ನಾನೂ ಬತ್ತೆ. ಇದ್ರಾಗೆ ನನ್ ದನಿ ಅದೆ ಈಗ,” ಎಂದು ದಮಯಂತಕ್ಕ ಸೀರೆ ಬದಲಿಸಲು ಒಳಗೆ ಹೋದಳು. ಅವಳು ಹೋದರೆ ಬಸ್ಸಿನಲ್ಲಿ ಕಿಟಕಿ ಹಾಕಿ ತೆಗೆಯಲು ಯಾರಾದರೂ ಬೇಕಲ್ಲ ಎಂದು ಪುಂಡಲೀಕಣ್ಣನೂ ಛತ್ರಿ ಹಿಡಿದು ಹೊರಟ.

ಹೊರಟರೆಂದರೆ ಹೊರಟಂತೆ ಅಲ್ಲ. ದಮಯಂತಕ್ಕ ಗೇಟಿನಲ್ಲಿ ನಿಂತು ನಂದಿನಿಗೆ “ಬತ್ತೆ ಹ್ಞಾ” ಎಂದಳು. ಅದಾದ ಮೇಲೆ ಬೆಕ್ಕಿಗೆ ಹಾಲು, ಒಣಹಾಕಿದ ಹಪ್ಪಳ, ನಂದಿನಿಯ ತಂಗಿಯ ಬಾಣಂತನ ಎಲ್ಲ ಮಾತಾಗಿ ಮುಗಿಯುವಷ್ಟರಲ್ಲಿ ಅಂಕೋಲೆಯ ಬಸ್ಸು ದೂಳೆಬ್ಬಿಸಿಕೊಂಡು ಹೋಯಿತು. ಮುಂದಿನ ಬಸ್ಸು ಹಿಡಿದು ಅಂಕೋಲೆ ಮುಟ್ಟಿ, ಕಾರವಾರದ ಬಸ್ಸು ಹತ್ತಿದಾಗ ಹನ್ನೆರಡು ದಾಟಿತ್ತು.

ಬಸ್ಸಿನಲ್ಲಿ ದಮಯಂತಕ್ಕ ಸುಮ್ಮನೆ ಕೂರುವವಳಲ್ಲ. ಪಕ್ಕದ ಸೀಟಿನ ಕವಿತಾ ಎಂಬ ಗುರುತಿನವಳಿಗೆ ಆಟ ತೋರಿಸಿದಳು. “ಹನ್ನೆರಡು ಮನೆಗೆ ಕರೆಯೋಲೆ ಕೊಟ್ಟು ಸಂಜಿ ಬಸ್ಸಿನೊಳಗೆ ಮುಗಸ್ಬೇಕು. ಎಲ್ಲಾ ಮನೇಲೂ ಚಾ ಕುಡೀಲೇಬೇಕು, ಬ್ಯಾಡ ಅಂದ್ರೆ ಅವ್ರ ಮುಖ ಸಣ್ಣ ಆಗ್ತದೆ, ನೋಡು. ಕುಡ್ದು ಕುಡ್ದು ಹೊಟ್ಟೆ ತುಂಬಿದ್ರೆ ನಡಿಗೆ ನಿಧಾನ ಆಗ್ತದೆ. ಕಪ್ಪಿಂದ ಬಸಿಗೆ ಬಗ್ಸಕಂಡ್ರೆ ಚಾ ಬೇಗ ಆರ್ತದೆ. ಅದ್ನ ಯಾರೂ ಹೇಳಿ ಕೊಡೂದಿಲ್ಲ, ನಾನೇ ಕಂಡ್ಹಿಡ್ದೆ!”

ಕವಿತಾ ಆಡಿದಳು. ಹಿಂದಿನ ಸೀಟಿನವರು ಬಗ್ಗಿದರು. ಎದುರಿನವರು ತಿರುಗಿದರು. ಅವರ್ಸೆ ಬರುವಷ್ಟರಲ್ಲಿ ಅರ್ಧ ಬಸ್ಸು “ಎಡಗಡೆ ಮನೆಗೆ ಹೋಗು, ಅಲ್ಲಿ ನಾಯಿ ಕಟ್ಟಿದ್ದಾರೆ” ಎಂದು ದಾರಿ ಹೇಳುತ್ತಿತ್ತು. ನಾಗೇಶನಿಗೆ ಕಣ್ಣು ಮಂಜಾಯಿತು. ಮನೆಯ ಮೂಲೆಯಲ್ಲಿ ಒಬ್ಬನೇ ಬರೆದ ನಾಯಿಯ ಮಾತನ್ನು ಅರ್ಧ ಬಸ್ಸು ತಮ್ಮೂರಿನ ನಾಯಿಯೆಂಬಂತೆ ಆಡುತ್ತಿದೆ!

ಹಾರವಾಡ ಹತ್ತಿರ ಬಂತು. ಕವಿತಾ ಇಳಿಯಬೇಕಿತ್ತು. ‘ಬತ್ತೆ’ ಒತ್ತಿದಳು. ಮೊಬೈಲಿನೊಳಗಿಂದ ದಮಯಂತಕ್ಕನ ದನಿ, “ಹ್ಞಾ, ನಿಲ್ಲೇ, ಒಂದು ಮಾತು…” ಎಂದಿತು. ಮತ್ತೆ ಒತ್ತಿದಳು. ನುಗ್ಗೆಕಾಯಿ ಬಂತು. ಮತ್ತೆ ಒತ್ತಿದಳು. ಮೊಣಕಾಲು ಬಂತು.

“ಅಯ್ಯೋ, ಬಿಡೂದೇ ಇಲ್ವಲ್ಲ ಇದು!” ಎಂದು ಕವಿತಾ ತಲೆಯೆತ್ತಿದಾಗ ಬಸ್ಸು ಅಮದಳ್ಳಿಯಲ್ಲಿತ್ತು. ಗಡಬಡಿಸಿ ಇಳಿದವಳು ಕೆಳಗಿನಿಂದಲೇ ಕೂಗಿದಳು: “ನಂಗೂ ಬೇಕು ಆ ಆಟ! ಎಲ್ಲಿ ಸಿಗ್ತದೆ?”

ನಾಗೇಶನಿಗೆ ಆಗ, ಹೊರಗೇ ಉಳಿದ ‘ಮೂರು’ ನೆನಪಾಯಿತು. ಲ್ಯಾಪ್‌ಟಾಪ್ ದಮಯಂತಕ್ಕನ ಜಗಲಿಯಲ್ಲಿ ಉಳಿದಿತ್ತು. ಈ ಆಟ ಇನ್ನು ಮುಚ್ಚುವುದಿಲ್ಲ. ಮೂವತ್ತೆಂಟು ಮಾತು ಮುಗಿದರೆ ಮತ್ತೆ ಮೊದಲಿನಿಂದ. ಮೊಬೈಲಿನ ಕೆಳಗಿನ ಗೀಟು ಮೇಲೆಳೆದರೆ ಯಾವ ಆಟವಾದರೂ ಮಾಯವಾಗುತ್ತದೆ ಎಂಬುದು ಮಗುವಿಗೂ ಗೊತ್ತು. ಕವಿತಾಳಿಗೂ ಗೊತ್ತಿತ್ತು. ಆದರೆ ಗೇಟಿನ ತನಕ ಬಂದು, ಸೆರಗಿನಲ್ಲಿ ನುಗ್ಗೆಕಾಯಿ ಹಿಡಿದು ಮಾತಾಡುತ್ತಿರುವ ಹೆಂಗಸನ್ನು ಬೆರಳಲ್ಲಿ ಒರೆಸಿ ಹಾಕಲು ಯಾರಿಗೆ ಮನಸ್ಸು ಬರುತ್ತದೆ?

“ಆಟದಾಗೆ ದೊಡ್ಡ ತಪ್ಪಾಯ್ತು ಪುಂಡಲೀಕಣ್ಣ,” ಎಂದ ನಾಗೇಶ, ಕೀರಲು ದನಿಯಲ್ಲಿ.

“ತಪ್ಪೆಂತಕ್ಕೆ? ಇವ್ಳು ನಿಜದಾಗೂ ಹಂಗೇ ಅಲ್ವಾ? ಮೂವತ್ತಾರು ವರ್ಷ ಆಯ್ತು, ನಾ ಇನ್ನೂ ಗೇಟಿನ ಹತ್ರ ನಿಂತೇ ಇದ್ದೆ,” ಎಂದ ಪುಂಡಲೀಕಣ್ಣ.

ಕಾರವಾರದಲ್ಲಿ ಇಳಿದು, ರಿಕ್ಷಾ ಹಿಡಿದು ಕದ್ವಾಡದ ಮನೆ ಹುಡುಕುವಷ್ಟರಲ್ಲಿ ಎರಡೂವರೆ. ವೈಜಯಂತಿ ಮೇಡಂ ಜಗಲಿಯ ಆರಾಮಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಕತ್ತರಿಸಿದ ಕೂದಲು, ಮೂಗಿನ ತುದಿಗೆ ಕನ್ನಡಕ. ಪಕ್ಕದಲ್ಲಿ ಪೆಟ್ಟಿಗೆ ಕಟ್ಟಿ ತಯಾರು.

“ಅರ್ಧ ತಾಸು ಲೇಟ್ ನೀವು. ಇಪ್ಪತ್ತು ನಿಮಿಷ ಕೊಡ್ತೇನೆ. ಇವರೆಲ್ಲ ಯಾರು?”

“ಇದು ನನ್ ಫೋನು,” ಎಂದಳು ದಮಯಂತಕ್ಕ. “ನಾ ಇದ್ರ ಸಂಗ್ತಿ ಬಂದದ್ದು.”

“ನಾ ಇವ್ಳ ಸಂಗ್ತಿ,” ಎಂದ ಪುಂಡಲೀಕಣ್ಣ.

ಮೇಡಂ ಕನ್ನಡಕದ ಮೇಲಿಂದ ಒಮ್ಮೆ ನೋಡಿ ಮೊಬೈಲು ತೆಗೆದುಕೊಂಡರು. ನಾಗೇಶ ಕಂಬಕ್ಕೆ ಆತು ನಿಂತ. ಕಂಬ ಇಲ್ಲದಿದ್ದರೆ ಅವನೂ ಇರುತ್ತಿರಲಿಲ್ಲ.

“ಬಣ್ಣ ಕಮ್ಮಿ,” ಎಂದರು ಮೇಡಂ. ನಾಗೇಶನ ಕಣ್ಣೆದುರು ಐಸಿನ ಗಡ್ಡೆ ಬಂತು. “ಮನೆ ಎಲ್ಲ ಸಣ್ಣ ಸಣ್ಣದು.” ಇನ್ನೊಂದು ಗಡ್ಡೆ. ಎರಡನೆಯ ಮನೆಯಲ್ಲಿ ಚಾ ಬಂತು. ಮೇಡಂ ಯಾರೂ ಹೇಳದೆ ಬಸಿಗೆ ಬಗ್ಗಿಸಿದರು. ಹುಬ್ಬು ತುಸು ಮೇಲೇರಿತು. ಮೂರನೆಯ ಮನೆಯಿಂದ ಹೊರಬಂದವರು ಥಟ್ಟನೆ ನಿಂತು ಪರದೆಯನ್ನು ಕಣ್ಣಿಗೆ ಹತ್ತಿರ ತಂದರು.

“ಹೇಂ ಕೋಣೆ ಕೆಲ್ಲೆಂ?” ಎಂದು, ಇದು ಯಾರು ಮಾಡಿದ್ದೆಂದು, ಕೊಂಕಣಿಯಲ್ಲಿ ತಮ್ಮನ್ನು ತಾವೇ ಕೇಳಿಕೊಂಡರು. ಆಮೇಲೆ ನಾಗೇಶನ ಕಡೆ ತಿರುಗಿ, “ನಾನು ಒಳಗೆ ಹೋಗುವಾಗ ಚಪ್ಪಲಿ ಮನೆ ಕಡೆ ಮುಖ ಮಾಡಿ ಬಿಟ್ಟಿದ್ದೆ. ಈಗ ರಸ್ತೆ ಕಡೆ ಮುಖ ಮಾಡಿವೆ. ತಿರುಗಿಸಿದ್ದು ಯಾರು?”

“ಆ ಮನೆಯವ್ರು ಮೇಡಂ. ನಿಮಗೆ ಹಾಕ್ಕೊಳ್ಳೂಕೆ ಸುಲಭ ಆಗ್ಲಿ ಅಂತ. ಎಲ್ಲಾ ಮನೇಲೂ ತಿರಗ್ಸೂದಿಲ್ಲ. ನಿಮ್ಮ ಮೇಲೆ ಪ್ರೀತಿ ಬಂದ ಮನೇಲಿ ಮಾತ್ರ.”

“ಇದನ್ನ ಎಲ್ಲಾದ್ರೂ ಬರ್ದು ತಿಳಿಸ್ತೀರಾ ಆಟದಲ್ಲಿ?”

“ಇಲ್ಲ ಮೇಡಂ. ಕಂಡವ್ರಿಗೆ ಕಾಣ್ತದೆ.”

ಮೇಡಂ ಕುರ್ಚಿಯಲ್ಲಿ ಕಾಲು ಮೇಲೆತ್ತಿ ಮಡಚಿ ಕೂತರು. ಅಲ್ಲಿಗೆ ಪುಣೆ ಮುಗಿದು ಕದ್ವಾಡ ಶುರುವಾಯಿತು. ಐದನೆಯ ಮನೆ, ಎಂಟನೆಯ ಮನೆ. ಒಳಗಿಂದ ಅವರ ಮಾಮಿ ನಿಜವಾದ ಚಾ ತಂದಿಟ್ಟರು, ಅದು ಆರಿಹೋಯಿತು. ಹನ್ನೆರಡನೆಯ ಮನೆ ಮುಗಿಸಿ ರಸ್ತೆಗೆ ಬಂದಾಗ ಆಟದ ಸಂಜೆ ಬಸ್ಸು ಸೀಟಿ ಹೊಡೆದು ಎದ್ದುಬಿಟ್ಟಿತ್ತು. “ಅರೆರೆರೆ!” ಎಂದು ಮೇಡಂ ಅರ್ಧ ಎದ್ದು ನಿಂತು ಹೆಬ್ಬೆರಳು ಒತ್ತಿದರು. ಕರೆಯೋಲೆ ಹೆಂಗ್ಸು ಓಡಿತು. ಒಂದು ಹೆಜ್ಜೆ, ಎರಡು, ಮೂರು… ಪುಂಡಲೀಕಣ್ಣ ಉಸಿರು ಬಿಗಿಹಿಡಿದು ತನ್ನ ಛತ್ರಿಯನ್ನೇ ಬಸ್ಸಿನ ಬಾಗಿಲೆಂಬಂತೆ ಹಿಡಿದುಕೊಂಡಿದ್ದ. ಐದನೆಯ ಹೆಜ್ಜೆಗೆ ಹೆಂಗ್ಸು ಹಾರಿ ಹತ್ತಿತು.

“ಮೆಳ್ಳೆಂ! ಸಿಕ್ತು!” ಎಂದು ಮೇಡಂ ಕಿರುಚಿದ ರಭಸಕ್ಕೆ ಮಾಡಿನ ಮೇಲಿದ್ದ ಎರಡು ಕಾಗೆ ಹಾರಿದವು. “ನೋಡಿದ್ರಾ ಹೇಗೆ ಹಿಡಿದೆ! ಒಂದು ಕ್ಷಣ ತಡ ಆಗಿದ್ರೆ ಹೋಗಿತ್ತು!”

ಪುಂಡಲೀಕಣ್ಣ ಛತ್ರಿಯನ್ನು ಮೆಲ್ಲಗೆ ಕೆಳಗಿಳಿಸಿದ. ಗೆಲುವು ಹತ್ತಿದವರದ್ದೇ ಎಂದು ಬಿಟ್ಟುಕೊಡುವುದು ಅವನಿಗೆ ಮೂವತ್ತು ವರ್ಷದ ಅಭ್ಯಾಸ.

ಗಡಿಯಾರ ಮೂರೂ ಐವತ್ತು ತೋರಿಸುತ್ತಿತ್ತು. ಮೇಡಂ ಬೆಚ್ಚಿ, “ಬಾಪ್‌ರೆ, ಗಾಡಿ!” ಎಂದು ‘ಬತ್ತೆ’ ಒತ್ತಿದರು.

“ಹ್ಞಾ, ನಿಲ್ಲೇ, ಒಂದು ಮಾತು ಕೇಳೂಕೆ ಮರ್ತೇ ಹೋಯ್ತು, ಹುಡ್ಗನ ಮನೆ ಎಲ್ಲಿ?” ಎಂದಿತು ಮೊಬೈಲು.

ಮೇಡಂ ಅರಿವಿಲ್ಲದೆ, “ಕುಮಟಾ,” ಎಂದುಬಿಟ್ಟರು.

“ಕುಮಟೇಲಿ ಯಾರ ಪೈಕಿ?” ಎಂದಳು ಪಕ್ಕದಲ್ಲಿ ಕೂತಿದ್ದ ನಿಜದ ದಮಯಂತಕ್ಕ.

ಅಲ್ಲಿಂದ ಮುಂದೆ ಯಾವ ಮಾತು ಮೊಬೈಲಿನ ಒಳಗಿನದು, ಯಾವುದು ಹೊರಗಿನದು ಎಂದು ನಾಗೇಶನಿಗೆ ತಿಳಿಯದೆ ಹೋಯಿತು. ಮೇಡಂ ಒತ್ತುತ್ತಿದ್ದರು, ನುಗ್ಗೆಕಾಯಿ ಬರುತ್ತಿತ್ತು. ಮೊಣಕಾಲಿನ ಮಾತು ಬಂದಾಗ ಒಳಗಿದ್ದ ಮಾಮಿಯೂ ಹೊರಗೆ ಬಂದು ತನ್ನ ಮೊಣಕಾಲಿನ ವರದಿ ಕೊಟ್ಟರು. ನಾಲ್ಕು ಗಂಟೆ. ನಾಲ್ಕೂ ಹತ್ತು. ರಸ್ತೆಯಲ್ಲಿ ರಿಕ್ಷಾದವನು ಹಾರ್ನು ಹೊಡೆದೂ ಹೊಡೆದೂ ಸಾಕಾಗಿ ಒಳಗೆ ಬಂದು ಮೇಡಂ ಹೆಗಲ ಮೇಲಿಂದ ಇಣುಕತೊಡಗಿದ.

“ಮೇಡಂ, ಕೆಳಗಿನ ಗೀಟು ಮೇಲೆ ಎಳೀರಿ, ಬಂದ್ ಆಗ್ತದೆ,” ಎಂದ ನಾಗೇಶ ಅಳುವ ದನಿಯಲ್ಲಿ.

“ಅವರು ಮಾತಾಡ್ತಾ ಇರುವಾಗ? ಛೆ ಛೆ, ಚೆನ್ನಾಗಿರ್ತದಾ?” ಎಂದು ಮೇಡಂ ಅವನನ್ನೇ ಗದರಿದರು.

ನಾಲ್ಕೂವರೆಗೆ ಶಿರವಾಡದ ಸ್ಟೇಷನ್ನಿನ ಕಡೆಯಿಂದ ಗಾಡಿಯ ಕೂಗು ಉದ್ದಕ್ಕೆ ಕೇಳಿಸಿತು. ಆಮೇಲೆ ದೂರವಾಯಿತು. ಮೊಬೈಲು, “ನೀ ಮುಂಚಿಕಿಂತ ಸೊರಗಿದ್ಯೇ ತಂಗಿ,” ಎಂದಿತು.

ಮೇಡಂ ಕನ್ನಡಕ ತೆಗೆದರು. ನಾಗೇಶ ಕಣ್ಣು ಮುಚ್ಚಿದ. ಗಾಡಿ ತಪ್ಪಿಸಿದವನಿಗೆ ಕಂಪನಿಯವರು ಏನು ಕೊಟ್ಟಾರು?

“ನಾಗೇಶ್, ಒಂಬತ್ತು ವರ್ಷದಿಂದ ವಾರಕ್ಕೊಂದು ಮೀಟಿಂಗ್ ಮಾಡ್ತೇವೆ ನಾವು,” ಎಂದರು ಮೇಡಂ ನಿಧಾನವಾಗಿ. “ಜನ ಆಟ ಬಿಟ್ಟು ಹೋಗದ ಹಾಗೆ ಎಂಥ ಮಾಡೋದು ಅಂತ. ಬಹುಮಾನ ಕೊಟ್ವಿ, ಪಟಾಕಿ ಹಾರಿಸಿದ್ವಿ, ‘ನಾಳೆ ಬರದಿದ್ರೆ ನಿಮ್ಮ ಪದವಿ ಕಳೀತದೆ’ ಅಂತ ಹೆದರಿಸಿದ್ವಿ. ಆದ್ರೂ ಹೋಗ್ತಾರೆ. ಗೇಟಿನ ತನಕ ಬಂದು ಪ್ರೀತಿಯಿಂದ ಒಂದು ಮಾತಾಡಬೇಕು ಅಂತ ಯಾರಿಗೂ ಹೊಳೀಲಿಲ್ಲವಲ್ಲ!” ಅವರ ಕಣ್ಣು ಒದ್ದೆಯಾಗಿತ್ತು. “ನಮ್ಮ ಆಯಿ ಹೀಗೇ ಗೇಟಿನ ಹತ್ರ… ಇರ್ಲಿ. ಈ ಆಟ ನಮಗೆ ಬೇಕು. ನೀವೂ ಬೇಕು. ಎರಡು ವರ್ಷದ ಕೆಲಸ, ತಿಂಗಳ ಸಂಬಳ. ಆಟದ ಮೇಲೆ ಮೊದಲ ಹೆಸರು ನಿಮ್ಮದು. ಗೇಟಿನ ಈ ಮಾವಶಿ ಮಾತಾಡ್ತಾ ಇರ್ಲಿ, ಮೂವತ್ತೆಂಟು ಸಾಲ್ದು, ಮುನ್ನೂರು ಬೇಕು.”

“ಇವತ್ತೇ ಬೇಕಾ?” ಎಂದಳು ದಮಯಂತಕ್ಕ, ಗಂಟಲು ಸರಿಮಾಡಿಕೊಂಡು.

ಪುಂಡಲೀಕಣ್ಣ ಎರಡು ಬೆರಳು ಬಾಯಿಗಿಟ್ಟು, ನಿವೃತ್ತಿಯ ದಿನವೂ ಹೊಡೆಯದಂಥ ಸೀಟಿ ಹೊಡೆದ. ರಿಕ್ಷಾದವನು ನಾಗೇಶನ ಕೈ ಹಿಡಿದು ಕುಲುಕಿದ. ನಾಗೇಶ ಕಂಬ ಬಿಟ್ಟು ನಿಂತ. ಇವತ್ತು ಬೆಳಗಿನಿಂದ ಮೊದಲ ಬಾರಿಗೆ ಅವನ ಕಾಲು ಅವನನ್ನು ಹೊತ್ತವು. ಗೆದ್ದೆ! ಇನ್ನು ಜನ್ಮದಲ್ಲಿ ಭಾವನ ಗೇಟು ದಾಟುವುದಿಲ್ಲ!

ಮೇಡಂ ಪುಣೆಗೆ ಫೋನು ಮಾಡಿ ಮಾತಾಡಿ ಬಂದರು. “ಎಲ್ಲ ಸರಿ ಆಯ್ತು. ಒಂದೇ ಒಂದು ಷರತ್ತು. ನೀವು ದಿನಾ ನಮ್ಮವರ ಜತೆ ಲೈನಿನಲ್ಲಿ ಕೂತು ಕೆಲಸ ಮಾಡ್ಬೇಕು. ನಡುವೆ ಕರೆಂಟ್ ಹೋಗೋ ಹಾಗಿಲ್ಲ, ನೆಟ್ ಹೋಗೋ ಹಾಗಿಲ್ಲ. ನಿಮ್ಮಲ್ಲಿ ಕರೆಂಟ್ ಹೇಗೆ?”

ನಾಗೇಶ ಮಾಡಿನ ಹಂಚು ಎಣಿಸತೊಡಗಿದ. ಅವನ ಮನೆಯಲ್ಲಿ ತಂತಿಯ ಮೇಲೆ ಕಾಗೆ ಕೂತರೆ ಹೋದ ಕರೆಂಟು, ಅದರ ಮರಿ ರೆಕ್ಕೆ ಬಲಿತು ಹಾರಿದ ಮೇಲೆ ಬರುತ್ತಿತ್ತು.

“ಅದಕ್ಕೆಂತ ಚಿಂತೆ ಮೇಡಂ? ಎಲ್ಲಾ ಆಯ್ತು,” ಎಂದಳು ದಮಯಂತಕ್ಕ. ಪುಣೆಯ ಫೋನಿನಲ್ಲಿ ಕರೆಂಟಿನ ಮಾತು ಕಿವಿಗೆ ಬಿದ್ದ ಕೂಡಲೇ ಅವಳು ಆಟವನ್ನು ನಿರ್ದಾಕ್ಷಿಣ್ಯವಾಗಿ ಬೆರಳಲ್ಲಿ ಎಳೆದು ಬಿಸುಟು, ನಂದಿನಿಗೆ ಫೋನು ಹಚ್ಚಿ ಸುದ್ದಿಯೆಲ್ಲ ಹೇಳಿ ಮುಗಿಸಿದ್ದಳು. ತನ್ನದೇ ದನಿಯಾದ್ದರಿಂದ ಅವಳಿಗೆ ದಾಕ್ಷಿಣ್ಯವಿರಲಿಲ್ಲ. “ತಕಾ ತಮಾ, ನಿನ್ ಹೆಂಡ್ತಿ.”

“ಹೋಯ್, ಗೆದ್ರಂತೆ!” ನಂದಿನಿಯ ದನಿ ಸಂಭ್ರಮದಿಂದ ಹಾರಾಡುತ್ತಿತ್ತು. “ನಂಗೆ ಗೊತ್ತಿತ್ತು! ಕರೆಂಟಿನ ಸುದ್ದಿ ಅಕ್ಕ ಹೇಳಿದ್ರು. ನಾ ಆಗ್ಲೇ ವ್ಯವಸ್ಥೆ ಮಾಡಿದೆ. ಇಡೀ ಅಂಕೋಲೆ ತಾಲೂಕಿನಾಗೆ ಒಂದು ನಿಮಿಷ ಕರೆಂಟು ಹೋಗದ ಜಾಗ ಯಾವ್ದು ಹೇಳಿ? ಎರಡು ಜನರೇಟರು, ಕೇಬಲ್ಲಿನ ನೆಟ್ಟು! ತಡೀರಿ, ಅಣ್ಣ ಇಲ್ಲೇ ಬಂದಾನೆ, ಕೊಡ್ತೆ.”

ನಾಗೇಶ ಮತ್ತೆ ಕಂಬ ಹುಡುಕಿದ.

“ನಾಗೇಶಾ, ನಾ ಹೇಳ್ತೆ ಕೇಳು,” ಎಂದ ಅಶೋಕ ಭಾವ. “ಭಾರೀ ಸಂತೋಷ ಆಯ್ತು. ನಮ್ಮ ಮನೆಗೆ ಹೆಸರು ತಂದೆ. ಸೂಪರ್‌ವೈಸರ್ ಕೋಣೆ ಖಾಲಿನೇ ಅದೆ, ನಿಂಗೇ ಇಟ್ಟದ್ದು. ಬಾಡಿಗೆ ಗೀಡಿಗೆ ಮಾತು ತೆಗೀಬ್ಯಾಡ. ನಿನ್ ಕುರ್ಚಿ ಎದ್ರೇ ಗಾಜಿನ ಕಿಟಕಿ, ಲಾರಿಗೆ ಐಸು ಏರಸೂದು ಪೂರ್ತಿ ಕಾಣ್ತದೆ. ನೀ ಹೆಂಗೂ ಕೂತೇ ಇರ್ತೆಯಲ್ಲ, ಅದ್ರ ಮೇಲೆ ಒಂದು ಕಣ್ಣಿಡು, ಅಷ್ಟೇಯ. ನಾ ಆಚೀಚೆ ಬಂದಾಗ ನಿನ್ ಆಟಕ್ಕೂ ನಾಕು ಮಾತು ಹೇಳ್ತೆ. ಬೆಳಿಗ್ಗೆ ಆರಕ್ಕೇ ಬಾ. ಆರೂವರೆಗೆ ಲಾರಿ ಬಂದು ಅಡ್ಡ ನಿಂತ್ರೆ ಒಳಗೆ ಬರೂಕೆ ಜಾಗ ಇರೂದಿಲ್ಲ. ಮತ್ತೆ, ಆ ಕೋಣೆ ಗೋಡೆ ಆಚೆಗೆ ಐಸಿನ ಟ್ಯಾಂಕು. ಒಂದು ಸ್ವೆಟರು ತಕಂಡೇ ಬಾ.”

ಮೇಡಂ ಪಕ್ಕದಿಂದಲೇ ಕೇಳಿಸಿಕೊಂಡು, “ಎರಡು ಜನರೇಟರ್! ಪುಣೆಯಲ್ಲಿ ನಮಗೂ ಒಂದೇ ಇರೋದು. ಪರ್ಫೆಕ್ಟ್!” ಎಂದು ಕೈ ತಟ್ಟಿದರು. ಮಾಮಿ ತಟ್ಟಿದರು. ರಿಕ್ಷಾದವನೂ ತಟ್ಟಿದ.

ಸಂಜೆ ಆರಕ್ಕೆ, ಬಸ್ಸು ಹತ್ತುವ ಮೊದಲು, ಮೂವರೂ ಕಾರವಾರದ ಪೇಟೆ ಸುತ್ತಿದರು. ಏಪ್ರಿಲ್ ತಿಂಗಳು. ಸಮುದ್ರದ ಕಡೆಯಿಂದ ಬೀಸುವ ಗಾಳಿಯೂ ಬೆವರುತ್ತಿತ್ತು. ಮೊದಲ ಎರಡು ಅಂಗಡಿಯವರು ‘ಸ್ವೆಟರು’ ಎಂಬ ಮಾತು ಕೇಳಿ ನಾಗೇಶನ ಹಣೆ ಮುಟ್ಟಿ ನೋಡುವುದೊಂದು ಬಾಕಿ. ಮೂರನೆಯ ಅಂಗಡಿಯವನು ಏಣಿ ಹಾಕಿ, ಅಟ್ಟದ ಮೇಲಿಂದ ನುಸಿಗುಳಿಗೆಯ ವಾಸನೆಯ ಕಟ್ಟೊಂದನ್ನು ಇಳಿಸಿ, ದೂಳು ಕೊಡವಿ ಎತ್ತಿ ಹಿಡಿದ. ಕಡುಗೆಂಪು ಬಣ್ಣ. ಎದೆಯ ಮೇಲೆ ನಗುತ್ತಿರುವ ಒಂದು ಹಿಮಕರಡಿ.

“ಲಾಯ್ಕದೆ, ಹಾಕು ತಮಾ, ಅಳತೆ ನೋಡ್ವಾ,” ಎಂದಳು ದಮಯಂತಕ್ಕ.

ನಾಗೇಶ ಹಾಕಿಕೊಂಡ. ಬೆವರು ಕಿವಿಯ ಹಿಂದಿನಿಂದ ಇಳಿಯಿತು. ಅಂಗಡಿಯವನು ಎರಡು ಹೆಜ್ಜೆ ಹಿಂದೆ ಸರಿದು, ಅವನನ್ನೂ ಕರಡಿಯನ್ನೂ ಮೆಚ್ಚುಗೆಯಿಂದ ನೋಡಿದ.

“ಏಕ್ದಮ್ ಬರೋಬರ್ ಆಯ್ತು! ಎಲ್ಲಿಗೆ ಸರ್, ಊಟಿಗಾ? ಸಿಮ್ಲಾಕ್ಕಾ?”

“ಅಂಕೋಲೆಗೆ,” ಎಂದ ನಾಗೇಶ.